ಹೆತ್ತವರ ಲೆಕ್ಕ, ಕಾಲೇಜಿನ ಬಾಗಿಲು

ಬೇಸಿಗೆಯ ರಜೆ ಮುಗಿದು ಮುಂಗಾರು ಹಿಡಿಯುವ ಹೊತ್ತಿಗೆ ನಮ್ಮ ಪಟ್ಟಣಗಳ ಮನೆಮನೆಯಲ್ಲೂ ಒಂದು ಪ್ರಶ್ನೆ ಏಳುತ್ತದೆ: “ಮಗುವನ್ನು ಯಾವ ಶಾಲೆಗೆ ಹಾಕಿದಿರಿ?” ಕೇಳುವವರಿಗೂ ಹೇಳುವವರಿಗೂ ಗೊತ್ತಿರುವಂತೆ ಈ ಪ್ರಶ್ನೆಯಲ್ಲಿ ಶಾಲೆ ನೆಪಮಾತ್ರ. ಐದಾರು ವರ್ಷದ ಕೂಸಿನ ಹೆಸರನ್ನು ಶಾಲೆಯ ದಾಖಲೆ ಪುಸ್ತಕದಲ್ಲಿ ಬರೆಸುವ ತಂದೆತಾಯಿಗಳ ಕಣ್ಣು ಹನ್ನೆರಡು ವರ್ಷಗಳ ಆಚೆಗಿರುವ ಕಾಲೇಜಿನ ಬಾಗಿಲಲ್ಲಿ ನೆಟ್ಟಿರುತ್ತದೆ. ಬೀದಿಯ ಕೊನೆಯ ಸರ್ಕಾರಿ ಶಾಲೆಯೋ, ಊರಾಚೆಯ ಖಾಸಗಿ ಇಂಗ್ಲಿಷ್ ಶಾಲೆಯೋ? ಅಲ್ಲಿ ಓದಿದರೆ ಇಂಜಿನಿಯರಿಂಗ್ ಸಿಕ್ಕೀತೆ, ಇಲ್ಲಿ ಓದಿದರೆ ಮೆಡಿಕಲ್ ತಪ್ಪೀತೆ? ನನ್ನ ವಯಸ್ಸಿನವರು ಇದನ್ನು ಈ ಕಾಲದ ಹುಚ್ಚೆಂದು ಜರೆಯುವುದುಂಟು. ನಾನೂ ಜರೆದಿದ್ದೇನೆ. ಆದರೆ ನಮ್ಮ ನಾಡಿನ ವಿದ್ಯಾಭ್ಯಾಸದ ಚರಿತ್ರೆಯನ್ನು ನೋಡುತ್ತ ಹೋದಂತೆ ಈ ಲೆಕ್ಕಕ್ಕೆ ನೂರೈವತ್ತು ವರ್ಷಗಳಿಗೂ ಮಿಕ್ಕ ವಯಸ್ಸಾಗಿದೆಯೆಂದು ತಿಳಿಯಿತು. ಇನ್ನೊಂದು ಸಂಗತಿಯೂ ಮನವರಿಕೆಯಾಯಿತು. ಶಾಲೆಯ ತುದಿಯಲ್ಲಿ ಯಾವ ಬಾಗಿಲಿದೆ, ಅದರ ಬೀಗದ ಕೈ ಯಾವ ಭಾಷೆಯದು ಎಂಬುದನ್ನು ನೋಡಿಯೇ ನಮ್ಮ ಜನ ಶಾಲೆಯನ್ನು ಆರಿಸಿದ್ದಾರೆ. ಬಾಗಿಲನ್ನು ಹಾಗೆಯೇ ಬಿಟ್ಟು ಶಾಲೆಯನ್ನಷ್ಟೇ ತಿದ್ದಹೊರಟ ಆಜ್ಞೆಗಳನ್ನು ಅವರು ಮೌನವಾಗಿ ಬಳಸಿಕೊಂಡು ಹೋಗಿದ್ದಾರೆ.

ಕೂಲಿಮಠಗಳ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿ ಬಾಯಿಪಾಠ ಮಾಡಿ, ಜೈಮಿನಿಯನ್ನೋ ಅಮರಕೋಶವನ್ನೋ ಒಪ್ಪಿಸುವಷ್ಟಾದರೆ ಶೆಟ್ಟರ ಮಗ ಅಂಗಡಿಗೂ ಶಾನುಭೋಗರ ಮಗ ಲೆಕ್ಕದ ಕಡತಕ್ಕೂ ಹಿಂದಿರುಗುತ್ತಿದ್ದರು. ಮುಂದಿನ ದಾರಿಯನ್ನು ಜಾತಿ ಮನೆತನಗಳೇ ಹಾಕಿಟ್ಟಿದ್ದುದರಿಂದ ಆಯ್ಕೆಯೆಂಬ ಮಾತಿಗೇ ಎಡೆಯಿರಲಿಲ್ಲ. ಆ ಮಠದ ಜಗಲಿಯನ್ನೂ ಹತ್ತಲಾಗದವರೇ ನಾಡಿನಲ್ಲಿ ಹೆಚ್ಚು ಮಂದಿ ಇದ್ದರು ಎಂಬುದನ್ನು ಮರೆಯಬಾರದು.

1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋಯಿತು. ಎರಡೇ ವರ್ಷಗಳಲ್ಲಿ, 1833ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಉಚಿತವಾದ ಇಂಗ್ಲಿಷ್ ಶಾಲೆಯೊಂದನ್ನು ತೆರೆಸಿದರು. ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆದದ್ದು ಅದೇ ಶಾಲೆ. ಕಚೇರಿಯ ಭಾಷೆ ಬದಲಾದೊಡನೆ ಶಾಲೆಯ ಭಾಷೆ ಬದಲಾದುದನ್ನು ಗಮನಿಸಬೇಕು. 1854ರ ವುಡ್ಡನ ವಿದ್ಯಾಭ್ಯಾಸ ಪತ್ರ ಬಂದು, 1857ರಲ್ಲಿ ಮದರಾಸಿನಲ್ಲಿಯೂ ಮುಂಬಯಿಯಲ್ಲಿಯೂ ವಿಶ್ವವಿದ್ಯಾನಿಲಯಗಳು ಹುಟ್ಟಿಕೊಂಡ ಮೇಲೆ ಬಾಗಿಲಿಗೆ ಒಂದು ಹೆಸರೂ ದೊರೆಯಿತು: ಮೆಟ್ರಿಕ್ಯುಲೇಷನ್. 1858ರಲ್ಲಿ ಆರಂಭವಾದ ಬೆಂಗಳೂರು ಹೈಸ್ಕೂಲು 1875ರಲ್ಲಿ ಸೆಂಟ್ರಲ್ ಕಾಲೇಜಾಯಿತು. ಮೈಸೂರು ಸೀಮೆಯ ಹುಡುಗ ಓದುತ್ತಿದ್ದುದು ಇಲ್ಲಿ, ಅವನನ್ನು ಅಳೆಯುತ್ತಿದ್ದ ಕೋಲು ಮದರಾಸಿನದು. ಆ ಪರೀಕ್ಷೆಯ ವರ್ಚಸ್ಸು ಎಂಥದೆಂದರೆ, ‘ಎಫ್.ಎ. ಫೇಲ್’ ಎಂಬುದನ್ನೂ ಜನ ಬಿರುದಿನಂತೆ ಹೆಸರಿನ ಮುಂದೆ ಬರೆದುಕೊಳ್ಳುತ್ತಿದ್ದರು. 1891ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆ ಆರಂಭವಾದ ಮೇಲಂತೂ ಶಾಲೆ, ಕಾಲೇಜು, ಕಚೇರಿ ಮೂರೂ ಒಂದೇ ಏಣಿಯ ಮೆಟ್ಟಿಲುಗಳಾದವು.

ಈ ಏಣಿಗೆ ಸೇರದೆ ಉಳಿದುವು ಹೋಬಳಿ ಶಾಲೆಗಳು. 1868ರ ಸುಮಾರಿಗೆ ಲೂಯಿ ರೈಸರು ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆಯನ್ನು ಮುಂದಿಟ್ಟರು. ಶಾಸನಗಳ ರೈಸರೇ ಇವರು. ನಾವು ಅವರನ್ನು ಕಲ್ಲುಗಳಿಗಾಗಿ ನೆನೆಯುತ್ತೇವೆ, ಮಕ್ಕಳಿಗಾಗಿ ನೆನೆಯುವುದಿಲ್ಲ. ಕನ್ನಡದಲ್ಲಿ ಓದು, ಬರಹ, ಲೆಕ್ಕ ಕಲಿಸಿದ ಆ ಶಾಲೆಗಳು ಹಳ್ಳಿಗೆ ದೊಡ್ಡ ಉಪಕಾರವನ್ನೇ ಮಾಡಿದವು. ಆದರೆ ಅನುಕೂಲವಿದ್ದ ತಂದೆ ಮಗನನ್ನು ಅಲ್ಲಿಂದ ಬಿಡಿಸಿ ತಾಲ್ಲೂಕು ಕೇಂದ್ರದ ಎ.ವಿ. ಸ್ಕೂಲಿಗೆ, ಎಂದರೆ ಇಂಗ್ಲಿಷನ್ನೂ ಕನ್ನಡವನ್ನೂ ಕೂಡಿಸಿ ಕಲಿಸುವ ಶಾಲೆಗೆ, ಸೇರಿಸುತ್ತಿದ್ದ. ಹೋಬಳಿ ಶಾಲೆಯ ಮೇಷ್ಟರ ಮೇಲೆ ಅವನಿಗೆ ಅಗೌರವವಿರಲಿಲ್ಲ. ಅಲ್ಲಿಂದ ಮುಂದಕ್ಕೆ ಮೆಟ್ಟಿಲಿಲ್ಲವೆಂಬುದಷ್ಟೇ ಅವನ ಲೆಕ್ಕ.

ಉತ್ತರ ಭಾಗದ ಕಥೆ ಇನ್ನೂ ತೊಡಕಿನದು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿಗಳ ಕಡೆ ಕನ್ನಡದ ಮಕ್ಕಳು ಮರಾಠಿ ಶಾಲೆಗಳಲ್ಲಿ ಅಕ್ಷರ ಕಲಿಯುತ್ತಿದ್ದ ಕಾಲ ಒಂದಿತ್ತು. ಬಾಗಿಲು ಪುಣೆಯ ಕಡೆಗಿತ್ತು, ಆದ್ದರಿಂದ ದಾರಿಯೂ ಮರಾಠಿಯಾಯಿತು. ಡೆಪ್ಯುಟಿ ಚನ್ನಬಸಪ್ಪನವರಂಥವರು 1860ರ ದಶಕದಲ್ಲಿ ಕನ್ನಡ ಶಾಲೆಗಳನ್ನು ಹೆಚ್ಚಿಸಲು ಪಟ್ಟ ಪಾಡು ಸಾಮಾನ್ಯವಾದುದಲ್ಲ. ಆದರೂ ಕಾಲೇಜಿಗೆಂದರೆ ಪುಣೆಯ ರೈಲನ್ನೇ ಹತ್ತಬೇಕಾಗಿತ್ತು. ಬೇಂದ್ರೆಯವರು ಬಿ.ಎ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. 1916ರಲ್ಲಿ ಏಳು ಮಂದಿ ತರುಣ ಶಿಕ್ಷಕರು ಮುಂದಾಗಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದಿತು. ಹೆತ್ತವರ ಲೆಕ್ಕದಲ್ಲಿ ಪುಣೆಯ ಖರ್ಚಿನ ಕಲಮು ಅಂದಿನಿಂದ ಮೆಲ್ಲಮೆಲ್ಲನೆ ಕಡಿಮೆಯಾಯಿತು.

ಈ ಖರ್ಚಿನ ವಿಷಯವಾಗಿ ಸ್ವಲ್ಪ ನಿಂತು ಹೇಳಬೇಕು. ಹೈಸ್ಕೂಲು ಜಿಲ್ಲಾ ಕೇಂದ್ರದಲ್ಲಿ, ಮನೆ ಹತ್ತಾರು ಮೈಲಿಯಾಚೆಯ ಹಳ್ಳಿಯಲ್ಲಿ. ಅಂದಿನ ತಂದೆ ಕೇಳುತ್ತಿದ್ದ ಮೊದಲ ಪ್ರಶ್ನೆ ಶಾಲೆ ಹೇಗಿದೆ ಎಂಬುದಾಗಿರಲಿಲ್ಲ; ಹುಡುಗನಿಗೆ ಅನ್ನ ಎಲ್ಲಿ ಎಂಬುದಾಗಿತ್ತು. ವಾರಾನ್ನವೆಂಬ ಏರ್ಪಾಡು ಹುಟ್ಟಿದ್ದು ಇಲ್ಲಿ. ತಗಡಿನ ಟ್ರಂಕು ಹೊತ್ತ ಹುಡುಗನನ್ನು ಹಿಂದಿಟ್ಟುಕೊಂಡು ತಂದೆ ಬೀದಿಬೀದಿ ಅಲೆದು, ಪರಿಚಯ ಹೇಳಿಕೊಂಡು, ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ ಗೊತ್ತುಮಾಡುತ್ತಿದ್ದ. ಏಳು ಮನೆ ಸಿಕ್ಕಿದರೆ ಪುಣ್ಯ. ಐದೇ ಸಿಕ್ಕಿದವರು ಉಳಿದೆರಡು ದಿನ ಅವಲಕ್ಕಿಯನ್ನೋ ಬರಿಯ ನೀರನ್ನೋ ನೆಚ್ಚಿಕೊಳ್ಳಬೇಕು. ವಾರದ ಮನೆಯ ಯಜಮಾನಿತಿ ತಾಯಿಯಂತಿದ್ದರೆ ತುಪ್ಪದ ಅನ್ನ, ಬೇಸರದವಳಾದರೆ ಹಿತ್ತಿಲ ಬಾಗಿಲಲ್ಲಿ ತಂಗಳು. ಅದಕ್ಕೆ ಪ್ರತಿಯಾಗಿ ನೀರು ಸೇದುವುದು, ಪೇಟೆಯಿಂದ ಸಾಮಾನು ತರುವುದು, ಮನೆಯ ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡುವುದು. ಸಂಜೆ ಬೀದಿದೀಪದ ಕೆಳಗೆ ಓದಿದರು ಎಂಬ ಮಾತನ್ನು ನಾವು ಅಭಿನಂದನ ಗ್ರಂಥಗಳಲ್ಲಿ ಬಲು ಸಲೀಸಾಗಿ ಬರೆಯುತ್ತೇವೆ. ಹದಿಮೂರು ವರ್ಷದ ಹುಡುಗನೊಬ್ಬ ‘ಇಂದು ಯಾವ ವಾರ?’ ಎಂದು ಹಸಿವಿನಿಂದ ಲೆಕ್ಕ ಹಾಕುತ್ತಿದ್ದುದನ್ನು ಬರೆಯುವುದಿಲ್ಲ.

ವಾರಾನ್ನ ಬಹುಮಟ್ಟಿಗೆ ಬ್ರಾಹ್ಮಣ ಹುಡುಗರ ಪಾಲಿನದಾಗಿತ್ತು. ಉಳಿದವರಿಗೆ ಆ ಪಂಕ್ತಿಯೂ ಇಲ್ಲ. ಅವರ ಪಾಲಿಗೆ ಮನೆಯ ಜಾಗದಲ್ಲಿ ಸಮುದಾಯವೇ ನಿಲ್ಲಬೇಕಾಯಿತು. 1906ರಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘ ವಿದ್ಯಾರ್ಥಿನಿಲಯದ ಕೆಲಸಕ್ಕೆ ಕೈಯಿಟ್ಟಿತು. ವೀರಶೈವ ಮಠಗಳು ಪ್ರಸಾದನಿಲಯಗಳನ್ನು ತೆರೆದವು. 1941ರಲ್ಲಿ ಸಿದ್ಧಗಂಗೆಯ ಮಠಾಧಿಪತಿಗಳಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅಲ್ಲಿ ಉಂಡು ಓದಿದವರು ಸಾವಿರಾರು ಮಂದಿ, ಅವರಲ್ಲಿ ಎಲ್ಲ ಜಾತಿಯವರೂ ಉಂಟು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೋ, ಶಾಲೆಯನ್ನೇ ಬೇರೆ ಕಟ್ಟಬೇಕಾಯಿತು. ಮಂಗಳೂರಿನಲ್ಲಿ 1892ರಲ್ಲಿ ಅಂಥ ಶಾಲೆಯನ್ನು ತೆರೆದ ಕುದ್ಮುಲ್ ರಂಗರಾಯರು ಸ್ವಜಾತಿಯವರಿಂದ ಪಟ್ಟ ಬವಣೆ ದೊಡ್ಡದು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರಿನ ವಿದ್ಯಾರ್ಥಿನಿಲಯವನ್ನು ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿದವರೆಲ್ಲ ಬಲ್ಲರು. ನಮ್ಮ ಕಾಲೇಜುಗಳಿಗೆ ಪಟ್ಟಣದ ಸರ್ಕಾರಿ ಹೈಸ್ಕೂಲುಗಳು ಎಷ್ಟು ವಿದ್ಯಾರ್ಥಿಗಳನ್ನು ಕೊಟ್ಟವೋ ಈ ಅನ್ನದ ಮನೆಗಳೂ ಅಷ್ಟೇ ಕೊಟ್ಟಿವೆಯೆಂದು ನನ್ನ ಅಭಿಪ್ರಾಯ.

ಹೆಣ್ಣುಮಕ್ಕಳ ಲೆಕ್ಕವೇ ಬೇರೆ. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಮೈಸೂರಿನಲ್ಲಿ ತೆರೆದ ಬಾಲಿಕಾ ಪಾಠಶಾಲೆ ಬೆಳೆದು ಮಹಾರಾಣಿ ಕಾಲೇಜಾಯಿತು. ಆದರೆ ಬಹುಕಾಲ ಹುಡುಗಿಯ ಓದನ್ನು ಅಳೆಯುತ್ತಿದ್ದುದು ಪರೀಕ್ಷೆಯಿಂದಲ್ಲ, ಮದುವೆಯ ವಯಸ್ಸಿನಿಂದ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಬಾಗಿಲು ಮದರಾಸಿನಿಂದ ಮನೆಯಂಗಳಕ್ಕೆ ಬಂದಂತಾಯಿತು. ಅದರ ಹಿಂದೆಯೇ ಆ ಬಾಗಿಲಿನಲ್ಲಿ ಯಾರು ನುಗ್ಗುತ್ತಿದ್ದಾರೆ ಎಂಬ ಪ್ರಶ್ನೆಯೂ ಎದ್ದಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನೇಮಿಸಿದ ಮಿಲ್ಲರ್ ಸಮಿತಿ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ನ್ಯಾಯವಾದ ಪಾಲು ದೊರೆಯಬೇಕೆಂದು ಹೇಳಿತು. ವಿಶ್ವೇಶ್ವರಯ್ಯನವರು ಇದನ್ನು ಒಪ್ಪದೆ ದಿವಾನಗಿರಿಯನ್ನು ಬಿಟ್ಟರು. ಅರ್ಹತೆಯ ವಾದ ಅವರದು, ಅವಕಾಶದ ವಾದ ಸಮಿತಿಯದು. ಆ ವಾದ ಇಂದಿಗೂ ಮುಗಿದಿಲ್ಲ. ಆದರೆ ಅದರ ಪರಿಣಾಮವನ್ನು ನೋಡಿ: ಓದಿದರೆ ನಮ್ಮವನಿಗೂ ಕೆಲಸವಿದೆಯೆಂದು ತಿಳಿದ ಮೇಲೆ, ಹಿಂದೆ ಮಕ್ಕಳನ್ನು ಹೊಲಕ್ಕೆ ಕಳುಹಿಸುತ್ತಿದ್ದ ಮನೆಗಳು ಹೈಸ್ಕೂಲಿನ ಕಡೆ ಮುಖಮಾಡಿದವು. ಬಾಗಿಲನ್ನು ಅಗಲ ಮಾಡಿದರೆ ಶಾಲೆ ತಾನಾಗಿ ತುಂಬುತ್ತದೆ. 1975ರಲ್ಲಿ ಹಾವನೂರರ ವರದಿ ಬಂದು, 1977ರಲ್ಲಿ ದೇವರಾಜ ಅರಸರ ಸರ್ಕಾರ ಅದರ ಮೇಲೆ ಆಜ್ಞೆ ಹೊರಡಿಸಿದಾಗಲೂ ಇದೇ ನಡೆಯಿತು.

ಈ ಎರಡು ವರ್ಷಗಳ ನಡುವಣ, ಅಂದರೆ 1918ರಿಂದ 1977ರವರೆಗಿನ ಕಾಲವನ್ನು ಸರ್ಕಾರಿ ಹೈಸ್ಕೂಲಿನ ಸುಗ್ಗಿಯೆಂದು ಕರೆಯಬಹುದು. ತಾಲ್ಲೂಕಿನ ಅಮಲ್ದಾರರ ಮಗನೂ ಕಚೇರಿಯ ಜವಾನನ ಮಗನೂ ಒಂದೇ ಬೆಂಚಿನಲ್ಲಿ ಕುಳಿತ ದಿನಗಳವು. ಹೆಡ್ಮಾಸ್ಟರರೆಂದರೆ ಊರಿನ ಗಣ್ಯರಲ್ಲಿ ಗಣ್ಯರು. ಆದರೆ ಆ ಸುಗ್ಗಿಗೆ ಕಾರಣ ಗುರುಗಳ ತೇಜಸ್ಸೊಂದೇ ಎಂದು ಭಾವಿಸಿದರೆ ತಪ್ಪಾದೀತು. ಎಸ್.ಎಸ್.ಎಲ್.ಸಿ. ಮುಗಿಸಿದವನಿಗೆ ಗುಮಾಸ್ತೆಯ ಕುರ್ಚಿ, ಬಿ.ಎ. ಮುಗಿಸಿದವನಿಗೆ ಅದಕ್ಕಿಂತ ದೊಡ್ಡ ಕುರ್ಚಿ ಕೈಗೆಟಕುವಂತಿದ್ದವು. ಅಮಲ್ದಾರರಿಗೆ ತಮ್ಮ ಮಗನನ್ನು ಬೇರೆಲ್ಲಿಗೋ ಕಳುಹಿಸಬೇಕಾದ ಕಾರಣವೇ ಇರಲಿಲ್ಲ.

ಕಾರಣ ಹುಟ್ಟಿದ್ದು ವಿಜ್ಞಾನದ ಕಾಲೇಜುಗಳಿಂದ. ಸ್ವಾತಂತ್ರ್ಯಾನಂತರ ಡಾಕ್ಟರಿಕೆ, ಇಂಜಿನಿಯರಿಕೆಗಳು ಅಮಲ್ದಾರಿಕೆಯ ಸ್ಥಾನವನ್ನು ಕಸಿದುಕೊಂಡವು. 1953ರಲ್ಲಿ ಟಿ.ಎಂ.ಎ. ಪೈಗಳು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಖಾಸಗಿಯಾಗಿ ತೆರೆದರು. ದುಡ್ಡು ಕೊಟ್ಟು ಸೀಟು ಪಡೆಯುವ ಪದ್ಧತಿ ಮುಂದಿನ ದಶಕಗಳಲ್ಲಿ ನಾಡಿನ ಉದ್ದಗಲಕ್ಕೆ ಹರಡಿತು. ಇತ್ತ ಹೈಸ್ಕೂಲಿನಲ್ಲಿ ಕನ್ನಡದಲ್ಲಿ ವಿಜ್ಞಾನ ಕಲಿತ ಹುಡುಗ ಪಿ.ಯು.ಸಿ. ಮೆಟ್ಟಿಲು ಹತ್ತಿದೊಡನೆ ಎಲ್ಲವೂ ಇಂಗ್ಲಿಷು.

ಆ ಮೆಟ್ಟಿಲಿನ ಬಳಿ ನಾನು ಬಹಳ ವರ್ಷ ನಿಂತಿದ್ದೆ, ಕನ್ನಡದ ಮೇಷ್ಟರಾಗಿ. 1986ರಲ್ಲಿ ಸಣ್ಣ ಊರೊಂದರ ಕಾಲೇಜಿನಲ್ಲಿದ್ದಾಗ, ತಾಲ್ಲೂಕಿಗೇ ಮೊದಲಿಗನಾಗಿ ಎಸ್.ಎಸ್.ಎಲ್.ಸಿ. ಮುಗಿಸಿದ್ದ ಹುಡುಗನೊಬ್ಬ ಅಧ್ಯಾಪಕರ ಕೊಠಡಿಗೆ ಬಂದು ಭೌತಶಾಸ್ತ್ರದ ಪುಸ್ತಕವನ್ನು ನನ್ನ ಮುಂದಿಟ್ಟ. “ಸಾರ್, ಇದರಲ್ಲಿ ಇರೋದೆಲ್ಲ ನನಗೆ ಗೊತ್ತು ಅನ್ನಿಸ್ತದೆ. ಆದರೆ ಯಾವುದು ಯಾವುದು ಅಂತ ಗೊತ್ತಾಗ್ತಿಲ್ಲ” ಎಂದ. ಇದಕ್ಕಿಂತ ಚೆನ್ನಾಗಿ ಆ ಸ್ಥಿತಿಯನ್ನು ಯಾವ ಆಯೋಗವೂ ಹೇಳಿದ್ದನ್ನು ನಾನು ಓದಿಲ್ಲ. ಒಂದು ತಿಂಗಳು ಪದಗಳಿಗೆ ಕನ್ನಡ ಬರೆದುಕೊಟ್ಟೆ. ದಸರೆಯ ರಜೆ ಕಳೆದು ಬಂದಾಗ ಅವನು ವಿಜ್ಞಾನವನ್ನು ಬಿಟ್ಟು ಕಲಾವಿಭಾಗದಲ್ಲಿದ್ದ. ನನಗೆ ಒಳ್ಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. ಅವನ ತಂದೆಗೆ ಡಾಕ್ಟರೊಬ್ಬ ತಪ್ಪಿದ.

ಇದಕ್ಕೆ ನಾಲ್ಕು ವರ್ಷ ಹಿಂದೆ, 1982ರಲ್ಲಿ, ನಾನು ಎಂ.ಎ. ವಿದ್ಯಾರ್ಥಿಯಾಗಿ ಗೋಕಾಕ್ ಚಳವಳಿಯ ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗಿದ್ದೆ. ಆ ಚಳವಳಿಯ ಬೇರಿನಲ್ಲೂ ಹೆತ್ತವರ ಲೆಕ್ಕವೇ ಇತ್ತೆಂಬುದು ಆಗ ನನಗೆ ಹೊಳೆದಿರಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡದ ಬದಲು ಸಂಸ್ಕೃತವನ್ನು ಪ್ರಥಮಭಾಷೆಯಾಗಿ ತೆಗೆದುಕೊಂಡರೆ ಅಂಕಗಳು ಧಾರಾಳವಾಗಿ ಬರುತ್ತಿದ್ದವು. ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದಿತ್ತು. ಕಾಳಿದಾಸನ ಮೇಲಣ ಪ್ರೀತಿಯಿಂದ ಅದನ್ನು ಆರಿಸಿದವರೂ ಇದ್ದಾರು, ಆದರೆ ಸೀಟಿನ ಮೇಲಣ ಪ್ರೀತಿಯಿಂದ ಆರಿಸಿದವರೇ ಹೆಚ್ಚು. ಈ ವಿವಾದದಿಂದಲೇ 1980ರಲ್ಲಿ ವಿನಾಯಕ ಕೃಷ್ಣ ಗೋಕಾಕರ ಸಮಿತಿ ನೇಮಕವಾಯಿತು. ಕನ್ನಡವೊಂದೇ ಪ್ರಥಮಭಾಷೆಯಾಗಿ 150 ಅಂಕಗಳನ್ನು ಪಡೆಯಬೇಕೆಂದು 1981ರಲ್ಲಿ ಅದು ವರದಿ ಕೊಟ್ಟಿತು. ರಾಜಕುಮಾರ್ ಅವರು ಬೀದಿಗಿಳಿದ ಮೇಲೆ ನಡೆದುದೆಲ್ಲ ನಿಮಗೆ ತಿಳಿದಿದೆ. ಹೈಸ್ಕೂಲಿನ 150 ಅಂಕಗಳಿಗಾಗಿ ನಾವು ಅಷ್ಟೊಂದು ಹೋರಾಡಿದೆವು. ಅದರ ಮುಂದಿನ ಕೊಠಡಿಯನ್ನು, ಆ ಹುಡುಗ ಎಡವಿ ಬಿದ್ದ ಪಿ.ಯು.ಸಿ. ವಿಜ್ಞಾನದ ಕೊಠಡಿಯನ್ನು, ಇಂಗ್ಲಿಷಿಗೇ ಬಿಟ್ಟುಕೊಟ್ಟೆವು. ಅಲ್ಲಿ ಕನ್ನಡದಲ್ಲಿ ಪಾಠ ನಡೆಯಬೇಕೆಂದು ಒಂದು ಘೋಷಣೆಯನ್ನಾದರೂ ನಾನು ಕೂಗಿದ ನೆನಪಿಲ್ಲ.

ಹೆತ್ತವರು ನಮ್ಮ ಘೋಷಣೆಗಳಿಗೆ ಕಾದು ಕೂರಲಿಲ್ಲ. 1984ರಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾನೂನು ಬಂದರೂ ದುಡ್ಡಿನ ದಾರಿ ಮುಚ್ಚಲಿಲ್ಲ. ತುಮಕೂರಿನ ವೈದ್ಯಕೀಯ ಕಾಲೇಜೊಂದಕ್ಕೆ ಸೇರಬಯಸಿದ ಮೀರತ್ತಿನ ವಿದ್ಯಾರ್ಥಿನಿಯೊಬ್ಬಳು ಸುಪ್ರೀಂ ಕೋರ್ಟಿಗೆ ಹೋದಳು. ವರ್ಷಕ್ಕೆ ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರಗಿನವರಿಗೆ 60,000 ಎಂಬ ದರಪಟ್ಟಿ 1992ರ ಆ ತೀರ್ಪಿನಲ್ಲಿ ದಾಖಲಾಗಿದೆ. ಮರುವರ್ಷದ ಇನ್ನೊಂದು ತೀರ್ಪಿನ ಬೆನ್ನಿಗೆ, 1994ರಲ್ಲಿ, ನಮ್ಮಲ್ಲಿ ಸಿ.ಇ.ಟಿ. ವಿಭಾಗ ಏರ್ಪಟ್ಟಿತು. ಸೀಟುಗಳನ್ನು ಎಲ್ಲರೆದುರು, ಶ್ರೇಣಿಯ ಪ್ರಕಾರ, ಹೆಸರು ಕೂಗಿ ಹಂಚಿದ ಆ ಕ್ರಮ ಬಡ ಮಧ್ಯಮವರ್ಗಕ್ಕೆ ಮಾಡಿದ ಉಪಕಾರವನ್ನು ಅಲ್ಲಗಳೆಯಲಾಗದು. ಅದೇ ವರ್ಷ ಏಪ್ರಿಲ್ 29ರಂದು ಸರ್ಕಾರ ಇನ್ನೊಂದು ಆಜ್ಞೆ ಮಾಡಿತು: ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯಲ್ಲಿ ಇಲ್ಲವೆ ಕನ್ನಡದಲ್ಲಿಯೇ ಪಾಠ ನಡೆಯತಕ್ಕದ್ದು. ಒಂದೇ ವರ್ಷ, ಎರಡು ಏರ್ಪಾಡು. ಬಾಗಿಲಲ್ಲಿ ಇಂಗ್ಲಿಷನ್ನು ಬಲಪಡಿಸಿ, ಜಗಲಿಯಲ್ಲಿ ಕನ್ನಡವನ್ನು ಕಡ್ಡಾಯ ಮಾಡಿದಂತಾಯಿತು.

ಮುಂದೆ ಏನಾಯಿತೆಂಬುದಕ್ಕೆ ನನ್ನ ಮನೆಯೇ ಸಾಕ್ಷಿ. 1996ರಲ್ಲಿ ನಮ್ಮ ಮಗಳನ್ನು ಒಂದನೆಯ ತರಗತಿಗೆ ಸೇರಿಸಬೇಕಾಯಿತು. ಮನೆಯಿಂದ ಕೂಗಳತೆಯಲ್ಲಿ ಸರ್ಕಾರಿ ಶಾಲೆಯಿತ್ತು. ಭೌತಶಾಸ್ತ್ರದ ಪುಸ್ತಕ ಹಿಡಿದು ನಿಂತ ಆ ಹುಡುಗ ನನ್ನ ಕಣ್ಣ ಮುಂದಿದ್ದ. ನಾನು ಅವಳನ್ನು ಖಾಸಗಿ ಶಾಲೆಯೊಂದಕ್ಕೆ ಸೇರಿಸಿದೆ. ಅನೇಕ ಶಾಲೆಗಳಂತೆ ಅದಕ್ಕೂ ಕನ್ನಡ ಮಾಧ್ಯಮಕ್ಕೆಂದು ಮಾನ್ಯತೆ, ಒಳಗೆ ಪಾಠವೆಲ್ಲ ಇಂಗ್ಲಿಷು. ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಗು ಉತ್ಸಾಹದಿಂದ ಹೇಳಿತು: “ಅಪ್ಪಾ, ಇವತ್ತು ಇನ್ಸ್‌ಪೆಕ್ಟರ್ ಬಂದಿದ್ರು. ಮಿಸ್ಸು ಇಂಗ್ಲಿಷ್ ಪುಸ್ತಕ ಎಲ್ಲ ಚೀಲದೊಳಗೆ ಮುಚ್ಚಿಡಿಸಿ ಕನ್ನಡ ಪುಸ್ತಕ ತೆಗೆಸಿದ್ರು. ಯಾರೂ ಮಾತಾಡಲಿಲ್ಲ!” ನನ್ನ ಹೆಂಡತಿ ಅನ್ನ ಬಡಿಸುತ್ತ, “ನವೆಂಬರಿನ ಭಾಷಣಕ್ಕೆ ಇದನ್ನೂ ಸೇರಿಸ್ಕೊಳ್ಳಿ” ಎಂದಳು. ಸೇರಿಸಿಕೊಳ್ಳಲಿಲ್ಲ. ಇಂದು ಹೇಳುತ್ತಿದ್ದೇನೆ.

2006ರ ಹೊತ್ತಿಗೆ ಇಂಥ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಯನ್ನು ರದ್ದುಮಾಡಲು ಸರ್ಕಾರ ಹೊರಟಿತು. 1994ರ ಆಜ್ಞೆ ಖಾಸಗಿ ಶಾಲೆಗಳ ಮಟ್ಟಿಗೆ ಸಲ್ಲದೆಂದು 2008ರಲ್ಲಿ ಹೈಕೋರ್ಟು ಹೇಳಿತು. ಮಗುವಿನ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಹೆತ್ತವರದು ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಮಾನಿಸಿತು. ಇಪ್ಪತ್ತು ವರ್ಷಗಳ ವ್ಯಾಜ್ಯವದು. ಆ ಇಪ್ಪತ್ತು ವರ್ಷಗಳಲ್ಲಿ ಪಟ್ಟಣದ ಸರ್ಕಾರಿ ಶಾಲೆಯಿಂದ ಅಮಲ್ದಾರರ ಮಗ ಹೋದ, ಅವನ ಹಿಂದೆ ಗುಮಾಸ್ತೆಯ ಮಗ ಹೋದ, ಕೊನೆಗೆ ಜವಾನನೂ ಸಾಲ ಮಾಡಿ ಮಗನನ್ನು ಬಿಡಿಸಿಕೊಂಡು ಹೋದ. ಮಕ್ಕಳೊಂದಿಗೆ ಶಾಲೆಯ ಬಗೆಗೆ ಕೇಳುವ ಬಾಯಿಗಳೂ ಹೋದವು. ನಷ್ಟದಲ್ಲಿ ನಷ್ಟ ಇದೇ. ಸೋರುವ ಮಾಡಿಗಾಗಿ, ಬಾರದ ಮೇಷ್ಟರಿಗಾಗಿ ಅಧಿಕಾರಿಗಳ ಮುಂದೆ ದನಿಯೆತ್ತಬಲ್ಲವರು ಯಾರೂ ಅಲ್ಲಿ ಉಳಿಯಲಿಲ್ಲ. ಹಾಗೆ ಎದ್ದುಹೋದವರಲ್ಲಿ ನಾನೂ ಒಬ್ಬ.

ಬಾಗಿಲನ್ನು ಮುಟ್ಟಿದ ಪ್ರಯತ್ನ ಆಗಲೇ ಇಲ್ಲವೆಂದಲ್ಲ. ವೃತ್ತಿಶಿಕ್ಷಣದ ಸೀಟುಗಳಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5, ಗ್ರಾಮಾಂತರದಲ್ಲಿ ಓದಿದವರಿಗೆ ಶೇಕಡ 15 ಮೀಸಲು ನಮ್ಮ ರಾಜ್ಯದಲ್ಲಿದೆ. ಕಿಂಡಿ ಚಿಕ್ಕದು. ಆದರೆ ಆ ಮೀಸಲಿನ ಹೆಸರೆತ್ತಿ ‘ಹತ್ತರವರೆಗೆ ಕನ್ನಡದಲ್ಲೇ ಇರಲಿ’ ಎಂದು ನಿರ್ಧರಿಸಿದ ತಂದೆತಾಯಿಗಳನ್ನು ನಾನು ಕಂಡಿದ್ದೇನೆ. ಭಾಷಾಭಿಮಾನದ ಯಾವ ಉಪನ್ಯಾಸವೂ ಅವರ ಮೇಲೆ ಅಷ್ಟು ಕೆಲಸ ಮಾಡಿರಲಾರದು. 2016ರಿಂದ ವೈದ್ಯಕೀಯದ ಬಾಗಿಲು ನೀಟ್ ಎಂಬ ಅಖಿಲ ಭಾರತ ಪರೀಕ್ಷೆಯ ಕೈಗೆ ಹೋಗಿದೆ. 2017ರಿಂದ ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಆದರೆ ಪಿ.ಯು.ಸಿ.ಯ ವಿಜ್ಞಾನವನ್ನು ಇಂಗ್ಲಿಷಿನಲ್ಲೇ ಓದಿದವನು ಪರೀಕ್ಷೆಯ ಕೊಠಡಿಯಲ್ಲಿ ಕನ್ನಡವನ್ನು ಎಲ್ಲಿಂದ ತರಬೇಕು? ಈಗ ಹೆತ್ತವರು ತರಬೇತಿಯನ್ನೂ ಸೇರಿಸಿಕೊಡುವ ವಸತಿ ಕಾಲೇಜುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಜೂನ್ ತಿಂಗಳ ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕು, ಹಾಸಿಗೆಯ ಸುರುಳಿ, ಅದರ ಪಕ್ಕದಲ್ಲಿ ಕಣ್ಣೊರಸಿಕೊಳ್ಳುವ ತಾಯಿ ಇವನ್ನು ಕಂಡಾಗ ವಾರಾನ್ನದ ಹುಡುಗನೇ ನೆನಪಾಗುತ್ತಾನೆ.

2019ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದವು. ಸಾಹಿತಿಗಳಲ್ಲಿ ಅನೇಕರು ವಿರೋಧಿಸಿದರು. ಆ ವಿರೋಧದ ಪತ್ರವೊಂದಕ್ಕೆ ಸಹಿ ಕೇಳಿಕೊಂಡು ನನ್ನಲ್ಲಿಗೂ ಬಂದಿದ್ದರು. ಯೋಚಿಸಿ ಹೇಳುತ್ತೇನೆಂದು ಕಳುಹಿಸಿದೆ. ಅದೇ ವಾರ, ಕಲಾವಿಭಾಗಕ್ಕೆ ಬಂದು ನನ್ನ ಶಿಷ್ಯನಾಗಿದ್ದ ಆ ಹುಡುಗನಿಂದ ದೂರವಾಣಿ ಬಂತು. ಈಗ ಹುಡುಗನಲ್ಲ, ಐವತ್ತರ ಹತ್ತಿರದ ಗೃಹಸ್ಥ, ಪಟ್ಟಣವೊಂದರ ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯ. ಅವನ ಶಾಲೆಗೂ ಇಂಗ್ಲಿಷ್ ವಿಭಾಗ ಬಂದಿತ್ತು. ಮೂವತ್ತು ಮಕ್ಕಳಿಗೆ ಮಾತ್ರ ಅವಕಾಶ. ಬೆಳಗಿನ ಆರು ಗಂಟೆಗೇ ಗೇಟಿನ ಮುಂದೆ ಜನ ಸಾಲುಗಟ್ಟಿದ್ದರಂತೆ.

“ಹತ್ತು ವರ್ಷದಿಂದ ಮನೆಮನೆಗೆ ಹೋಗಿ ಮಕ್ಕಳನ್ನ ಕಳಿಸಿ ಅಂತ ಕೈಮುಗೀತಿದ್ದೆ ಸಾರ್. ಕಟ್ಟಡ ಅದೇ, ಮೇಷ್ಟ್ರು ನಾವೇ. ಬೋರ್ಡಿನ ಮೇಲೆ ಒಂದು ಪದ ಸೇರಿಸಿದ್ದಕ್ಕೆ ಇಷ್ಟು ಜನ!” ಎಂದು ನಕ್ಕ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಬರೆದುಕೊಟ್ಟಿದ್ದ ಆ ಪದಗಳ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ. ಇಂಗ್ಲಿಷ್ ವಿಭಾಗದ ಮಕ್ಕಳಿಗೆ ಕನ್ನಡದಲ್ಲಿ ಅರ್ಥ ಹೇಳೋದಕ್ಕೆ ಬೇಕಾಗ್ತದೆ, ಅಲ್ವಾ?” ಎಂದು ಕೇಳಿದ.

ಬೇಕಾಗುತ್ತದೆ ಎಂದೆ. ಪತ್ರಕ್ಕೆ ಸಹಿ ಹಾಕಲಿಲ್ಲ.